ಕಿಟ್ಕಾಯೋಕಿ ನದಿಗೆ ಹೋಗ್ತೀರಾ? ಇಡೀ ದಿನ ಇಟ್ಟುಕೊಳ್ಳಿ

ಫಿನ್‌ಲ್ಯಾಂಡ್‌ನ ಕೂಸಮೊ ಕಡೆ ಹೋಗುವವರು ಕಿಟ್ಕಾಯೋಕಿ ನೋಡೋಕೆ ಅರ್ಧ ದಿನ ಸಾಕು ಅಂದುಕೊಳ್ಳುತ್ತಾರೆ. ಸಾಕಾಗಲ್ಲ. ಯೂಮಾ ಹಳ್ಳಿಯಿಂದ ಹೊರಟು ಮತ್ತೆ ಅಲ್ಲಿಗೇ ಬಂದು ಸೇರುವ ಪಿಯೆನಿ ಕರ್ಹುನ್‌ಕಿಯೆರೋಸ್ ಹಾದಿ 12 ಕಿಲೋಮೀಟರ್ ಅಷ್ಟೇ, ನಿಜ. ಆದರೆ ಹತ್ತೋದು ಇಳಿಯೋದೇ ಜಾಸ್ತಿ. ಕಲ್ಲಿಯೋಪೋರ್ಟ್ಟಿ ಅನ್ನುವ ಬಂಡೆ ಜಾಗದ ಹತ್ತಿರದ ಮರದ ಮೆಟ್ಟಿಲುಗಳಂತೂ ಮೊಣಕಾಲನ್ನು ಮಾತಾಡಿಸದೆ ಬಿಡುವುದಿಲ್ಲ.

ಇದಕ್ಕೆಲ್ಲ ನದಿಯೇ ಕಾರಣ. ಕಿಟ್ಕಾ ಸರೋವರಗಳು ಸಮುದ್ರಮಟ್ಟದಿಂದ ಸುಮಾರು 240 ಮೀಟರ್ ಎತ್ತರದಲ್ಲಿವೆ. ಅಲ್ಲಿಂದ ಹೊರಟ ನೀರು ರಷ್ಯಾ ಗಡಿ ಹತ್ತಿರ ಔಲಾಂಕಾ ನದಿಗೆ ಸೇರುವಷ್ಟರಲ್ಲಿ ಹತ್ತಿರ ಹತ್ತಿರ 100 ಮೀಟರ್ ಇಳಿದಿರುತ್ತದೆ, ಅದೂ ಬಂಡೆಗಳನ್ನು ಕೊರೆದ ಕಣಿವೆಯಲ್ಲಿ. ಫಿನ್‌ಲ್ಯಾಂಡ್‌ನ ಹೆಚ್ಚಿನ ನದಿಗಳು ಬಾಲ್ಟಿಕ್ ಕಡೆ ಹೋದರೆ, ಇದು ಪೂರ್ವಕ್ಕೆ ತಿರುಗಿ, ಪಾನಾಯಾರ್ವಿ ಸರೋವರ ದಾಟಿ, ಕೊನೆಗೆ ಬಿಳಿ ಸಮುದ್ರ ಸೇರುತ್ತದೆ. ನಕ್ಷೆ ನೋಡಿಕೊಂಡು ಹೋದರೆ ನಡಿಗೆಯ ಮಜಾನೇ ಬೇರೆ.

ದಾರಿಯಲ್ಲಿ ನೀರು ರಭಸವಾಗಿ ಹರಿಯುವ ಮುಲ್ಲುಕೋಸ್ಕಿ ಅನ್ನುವ ಜಾಗದ ಪಕ್ಕ ಮರದಲ್ಲಿ ಕಟ್ಟಿದ 1926ರ ಹಳೇ ಗಿರಣಿ ಇದೆ. ಒಳಗೆ ಕೂತು ಬುತ್ತಿ ಬಿಚ್ಚಬಹುದು, ರಾತ್ರಿ ಮಲಗುವಂತಿಲ್ಲ. ಎಲ್ಲರೂ ಫೋಟೋ ತೆಗೆಯೋದು ಇಲ್ಲೇ. ನನಗೆ ಹಿಡಿಸಿದ್ದು ಮಾತ್ರ ಯುರಾವಾ ಜಲಪಾತ. ಎತ್ತರ 9 ಮೀಟರ್, ಹೆಸರು ಮಾಡಿದ ಜಲಪಾತಗಳ ಮುಂದೆ ಏನೂ ಅಲ್ಲ, ಅಲ್ವಾ? ಆದರೂ ಹತ್ತಿರ ಹೋಗಿ ನೋಡಿ. ಅಂಚಿನ ತನಕ ನೀರು ನುಣ್ಣಗೆ, ಹಸಿರಾಗಿ ಬರುತ್ತದೆ, ಅಲ್ಲಿಂದ ಒಮ್ಮೆಲೇ ಬೆಳ್ಳಗಾಗಿ ಮುರಿದು ಬೀಳುತ್ತದೆ. ರಷ್ಯಾದ ಕಡೆಯ ಸರೋವರದಿಂದ ಮೊಟ್ಟೆಯಿಡಲು ಮೇಲೇರಿ ಬರುವ ಟ್ರೌಟ್ ಮೀನುಗಳಿಗೂ ಇದೇ ಕೊನೆ, ಇದನ್ನು ಹಾರಿ ಮುಂದೆ ಹೋಗೋಕೆ ಅವಕ್ಕೆ ಆಗುವುದಿಲ್ಲ. ಅಲ್ಲಿ ಸುಮ್ನೆ ಒಂದು ಗಂಟೆ ಕೂತುಬಿಡಿ.

ಜೂನ್ ಕೊನೆಯಿಂದ ಜುಲೈ ಪೂರ್ತಿ ಸೊಳ್ಳೆ ಕಾಟ, ತಲೆಗೆ ಬಲೆ ಇಲ್ಲದೆ ಹೋಗಬೇಡಿ. ಸೆಪ್ಟೆಂಬರ್‌ನಲ್ಲಿ ಕಾಡೆಲ್ಲ ಕೆಂಪು ಹಳದಿ, ಸೊಳ್ಳೆ ಕಡಿಮೆ. ಆಗ ಜನ ಜಾಸ್ತಿ ಇರುತ್ತಾರೆ, ಆದರೂ ನನ್ನ ಓಟು ಸೆಪ್ಟೆಂಬರ್‌ಗೇ. ಮಳೆ ಬಂದರೆ ಹಲಗೆ ಹಾದಿ ಜಾರುತ್ತದೆ, ಹಿಡಿತ ಇರುವ ಶೂ ಬೇಕು.

ಈ ಹಾದಿ ಇರುವ ಔಲಾಂಕಾ ರಾಷ್ಟ್ರೀಯ ಉದ್ಯಾನಕ್ಕೆ ಪ್ರವೇಶ ಶುಲ್ಕ ಇಲ್ಲ. ಹಣ್ಣು, ಅಣಬೆ ಕಿತ್ತುಕೊಳ್ಳಬಹುದು. ಬೆಂಕಿ ಮಾತ್ರ ಗುರುತು ಮಾಡಿದ ಜಾಗದಲ್ಲೇ ಹಾಕಬೇಕು, ಕಾಡ್ಗಿಚ್ಚಿನ ಎಚ್ಚರಿಕೆ ಇರುವ ದಿನ ಬಯಲಲ್ಲಿ ಅದೂ ಇಲ್ಲ. ನದಿ ಹಿಡಿದು ಪೂರ್ವಕ್ಕೆ ಹೋಗೋಣ ಅನ್ನಿಸಿದರೆ ಗಡಿ ವಲಯದ ಹಳದಿ ಗುರುತು ಕಂಡಲ್ಲೇ ನಿಲ್ಲಿ, ಪರವಾನಗಿ ಇಲ್ಲದೆ ಅದರಾಚೆ ಕಾಲಿಡುವಂತಿಲ್ಲ.