ಬಜೆಟ್‌ನಲ್ಲಿ ನಾನು ಮೊದಲು ನೋಡುವ ಕಾಲಂ

ಸದನ ಒಪ್ಪಿದ ಹಣವನ್ನು ಸರ್ಕಾರ ಹೇಗೆ ಖರ್ಚು ಮಾಡಿತು ಅಂತ ಪರಿಶೀಲಿಸುವ, ಶಾಸನಸಭೆಯ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಟಿಪ್ಪಣಿ ಸಿದ್ಧಪಡಿಸುವುದು ನನ್ನ ಕೆಲಸ. ಬಜೆಟ್ ಮಂಡನೆಯ ದಿನ ಎಲ್ಲರ ಕಣ್ಣೂ ಮುಂದಿನ ವರ್ಷದ ಅಂದಾಜಿನ ಮೇಲೆ. ನಾನು ಮೊದಲು ನೋಡುವುದು ಹಿಂದಿನ ಲೆಕ್ಕದ ಕಾಲಂ. ಕೊಡ್ತೀವಿ ಅಂದಿದ್ದೆಷ್ಟು, ನಿಜವಾಗಿ ಖರ್ಚಾಗಿದ್ದೆಷ್ಟು ಅಂತ ಅಲ್ಲೇ ಗೊತ್ತಾಗುತ್ತದೆ.

ಮಂಜೂರಾತಿ ಮೀರಿ ಖರ್ಚಾದರೆ ಸದನದಲ್ಲಿ ಗದ್ದಲ ಏಳುತ್ತದೆ. ಹಣ ಉಳಿದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ನನಗೆ ಉಳಿದ ಹಣವೇ ಜಾಸ್ತಿ ಚಿಂತೆಯ ವಿಷಯ. ಸದನ ಒಪ್ಪಿದ ಕೆಲಸ ಎಷ್ಟೋ ಸಲ ಆಗಿಯೇ ಇರುವುದಿಲ್ಲ.

ಒಂದು ಇಲಾಖೆಗೆ ಮೂಲ ಬಜೆಟ್‌ನಲ್ಲಿ 100 ಕೋಟಿ ಇದೆ ಅಂದುಕೊಳ್ಳಿ. ಸಾಲದು ಅಂತ ವರ್ಷದ ನಡುವೆ ಪೂರಕ ಅಂದಾಜಿನಲ್ಲಿ ಇನ್ನೂ 20 ಕೋಟಿ ಪಡೆದರು. ವರ್ಷ ಮುಗಿದಾಗ ಖರ್ಚು 90 ಕೋಟಿ. ಮೊದಲು ಕೊಟ್ಟ ದುಡ್ಡೇ ಮುಗಿದಿಲ್ಲ, ಅಲ್ವಾ? ಹಾಗಾದರೆ ಪೂರಕ ಹಣ ಕೇಳಿದ್ದು ಯಾವ ಲೆಕ್ಕದ ಮೇಲೆ? ಆಡಿಟ್ ವರದಿಗಳಲ್ಲಿ ಇಂಥ ಪ್ರಕರಣ ಮತ್ತೆ ಮತ್ತೆ ಬರುತ್ತವೆ. ಆ 90 ಕೋಟಿಯನ್ನು ತಿಂಗಳುವಾರು ಬಿಡಿಸಿಯೂ ನೋಡಬೇಕು. ದೊಡ್ಡ ಪಾಲು ಕೊನೇ ತಿಂಗಳಲ್ಲೇ ಬಿಲ್ಲಾಗಿದ್ದರೆ, ವರ್ಷ ಮುಗಿಯುವ ಮುಂಚೆ ಹಣ ಮುಗಿಸುವ ಆತುರವೇ ಅಂತ ಕೇಳಬೇಕಾಗುತ್ತದೆ.

ಸಮಿತಿಯಲ್ಲಿ ಪ್ರಶ್ನೆ ಕೇಳುವ ರೀತಿಯೂ ಮುಖ್ಯ. ‘ಯಾಕೆ ಖರ್ಚಾಗಲಿಲ್ಲ?’ ಅಂದರೆ ‘ಟೆಂಡರ್ ತಡವಾಯಿತು’ ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ‘ಪೂರಕ ಪ್ರಸ್ತಾವ ಕಳಿಸಿದ ದಿನ ಎಷ್ಟು ಹಣ ಬಾಕಿ ಇತ್ತು?’ ಅಂತ ಕೇಳಿದರೆ ಕಡತ ತೆರೆಯಲೇಬೇಕು. ಸದಸ್ಯರಿಗೆ ನಾನು ಬರೆದುಕೊಡುವುದು ಈ ಎರಡನೇ ಥರದ ಪ್ರಶ್ನೆಗಳನ್ನೇ.

ಬ್ರಿಟನ್ನಿನಲ್ಲಿ ಇಂಥ ಸಮಿತಿ 1861ರಲ್ಲೇ ಶುರುವಾಯಿತು. ಭಾರತದ ಸಂಸತ್ತಿನಲ್ಲಿ 1967ರಿಂದ ವಿರೋಧ ಪಕ್ಷದವರನ್ನೇ ಇದರ ಅಧ್ಯಕ್ಷರನ್ನಾಗಿ ಮಾಡುವ ವಾಡಿಕೆ ಬೆಳೆದಿದೆ. ಇದು ತುಂಬಾ ಒಳ್ಳೆಯ ಪದ್ಧತಿ ಅಂತ ನನ್ನ ಅಭಿಪ್ರಾಯ. ಖರ್ಚು ಮಾಡಿದವರ ಪಕ್ಷದವರೇ ಲೆಕ್ಕ ಕೇಳಲು ಕೂತರೆ ಪ್ರಶ್ನೆ ಮೆತ್ತಗಾಗುತ್ತದೆ.

ನಿಜವಾದ ಕಷ್ಟ ಇರುವುದು ಸಮಿತಿಯ ವರದಿ ಸದನದಲ್ಲಿ ಮಂಡನೆಯಾದ ಮೇಲೆ. ಇಲಾಖೆಯಿಂದ ‘ಕ್ರಮ ಕೈಗೊಳ್ಳಲಾಗುತ್ತಿದೆ’ ಅಂತ ಒಂದೇ ಸಾಲಿನ ಉತ್ತರ ಬರುತ್ತದೆ. ಸುಮ್ನೆ ಬಿಟ್ಟರೆ ವಿಷಯ ಅಲ್ಲಿಗೇ ನಿಂತುಹೋಗುತ್ತದೆ. ಆದೇಶದ ಸಂಖ್ಯೆ, ತಾರೀಕು ಇಲ್ಲದ ಉತ್ತರವನ್ನು ನಾನು ಬಾಕಿ ಪಟ್ಟಿಯಲ್ಲೇ ಇಡುತ್ತೇನೆ. ಅದೇ ಬಾಬ್ತಿಗೆ ಮುಂದಿನ ಬಜೆಟ್‌ನಲ್ಲಿ ಹಣ ಕೇಳಿದಾಗ, ಮತ ಹಾಕುವ ಮುಂಚೆಯೇ ಆ ಪಟ್ಟಿ ಸದಸ್ಯರ ಕೈಯಲ್ಲಿರಬೇಕು.