ರಾತ್ರಿ ಎರಡು ಗಂಟೆಗೆ ಕೋಲ್ಡ್ ವಾಟರ್ ಮ್ಯೂಸಿಕ್
ನಿನ್ನೆ ನಿದ್ದೆನೇ ಬರ್ಲಿಲ್ಲ, ಹೆಡ್‌ಫೋನ್ ಹಾಕ್ಕೊಂಡು 'ಕೋಲ್ಡ್ ವಾಟರ್ ಮ್ಯೂಸಿಕ್' ಅನ್ನೋ ಆಲ್ಬಂನ ಮೊದ್ಲಿಂದ ಕೊನೇವರ್ಗೂ ಕೇಳ್ದೆ. 1999ರದ್ದು, ಮಾಡಿದ್ದು 'ಏಮ್' ಅನ್ನೋ ಹೆಸರಲ್ಲಿ ಮ್ಯೂಸಿಕ್ ಮಾಡೋ ಆಂಡಿ ಟರ್ನರ್, ಇಂಗ್ಲೆಂಡಿನ ವಾಯವ್ಯದ ಕಡಲತಡಿಯ ಬ್ಯಾರೋ-ಇನ್-ಫರ್ನೆಸ್‌ನವ್ರು, ಸಬ್‌ಮರೀನ್ ಕಟ್ಟೋ ಊರದು. ತಳದಲ್ಲಿರೋದು ಹಿಪ್-ಹಾಪೇ, ಆದ್ರೆ ಜಾಝ್, ಸೋಲ್, ಫಂಕ್ ಮ್ಯೂಸಿಕ್ ಎಲ್ಲಾ ಹೇಗೆ ಬೆರ್ತೋಗಿದೆ ಅಂದ್ರೆ ಎಲ್ಲಿ ಯಾವ್ದು ಮುಗೀತು ಅಂತ ಗೊತ್ತೇ ಆಗಲ್ಲ. ವೈ-ಝೀ, ಕ್ಯೂಎನ್‌ಸಿ ಥರ ಅಮೆರಿಕದ ರ‍್ಯಾಪರ್‌ಗಳು ಬಂದಾಗ ತಲೆ ತಾನಾಗೇ ಅಲ್ಲಾಡುತ್ತೆ, ಆಮೇಲೆ 'ಸೇಲ್' ಅನ್ನೋ ಹಾಡಲ್ಲಿ ಗಾಯಕಿ ಕೇಟ್ ರೋಜರ್ಸ್ ದನಿ ಬರುತ್ತೆ ನೋಡಿ, ಡ್ರಮ್ಮು ನಿಧಾನಕ್ಕೆ ನಡೀತಿರುತ್ತೆ, ಅವ್ರು ಪಕ್ಕದಲ್ಲೇ ಕೂತು ಮಾತಾಡ್ದಂಗೆ ಮೆಲ್ಲಗೆ ಹಾಡ್ತಾರೆ, ನಂಗಂತೂ ಪ್ರತಿ ಸಲ ಗಂಟಲು ಕಟ್ಟುತ್ತೆ.

ಕೇಳ್ತಾ ಕೇಳ್ತಾ ಅನ್ನಿಸ್ತು, ದೊಡ್ಡ ಸಿಟಿಯಿಂದ ಅಷ್ಟು ದೂರದ ಊರಿನವ್ರು, ಯಾರದ್ದೋ ಹಳೇ ರೆಕಾರ್ಡಿನ ಚೂರೊಂದನ್ನ ಎತ್ಕೊಂಡು ತಿರುಗ್ಸಿ ತಿರುಗ್ಸಿ ಅದ್ರೊಳ್ಗೆ ತಮ್ಮೂರಿನ ಚಳಿ ತುಂಬೋಕೆ ಎಷ್ಟು ತಾಳ್ಮೆ ಬೇಕು ಅಲ್ವಾ. ಹೊರ ತಂದಿದ್ದು ಮ್ಯಾಂಚೆಸ್ಟರ್‌ನ ಗ್ರ್ಯಾಂಡ್ ಸೆಂಟ್ರಲ್ ಅನ್ನೋ ರೆಕಾರ್ಡ್ ಕಂಪನಿ, ಅದು ಮುಚ್ಚಿಹೋಗಿ ಎಷ್ಟೋ ವರ್ಷ ಆಯ್ತು, ನೆನೆಸ್ಕೊಂಡ್ರೆ ಬೇಜಾರಾಗುತ್ತೆ.

ಬೆಳಿಗ್ಗೆ ಪಾತ್ರೆ ತೊಳೀತಾ ಮತ್ತೆ 'ಸೇಲ್' ಹಾಕಿದೀನಿ, ಇದು ಮೂರನೇ ಸಲ.