ನೀರು ಹುಡುಕಿದವರಿಗೆ ಓಪಲ್ ಕೊಟ್ಟ ಊರು

ಆಸ್ಟ್ರೇಲಿಯಾದ ಅಡಿಲೇಡ್‌ನಿಂದ ಉತ್ತರಕ್ಕೆ ಸ್ಟುವರ್ಟ್ ಹೆದ್ದಾರಿ ಹಿಡಿದರೆ ಕೂಬರ್ ಪೀಡಿ 846 ಕಿಲೋಮೀಟರ್. ಪೋರ್ಟ್ ಅಗಸ್ಟಾದಲ್ಲಿ ಕಡಲು ಹಿಂದುಳಿಯುತ್ತದೆ. ಅಲ್ಲಿಂದಾಚೆ ಹೊಲವಿಲ್ಲ, ಹಳ್ಳಿಯಿಲ್ಲ. ಕೆಂಪು ನೆಲದ ಮೇಲೆ ಮೊಣಕಾಲೆತ್ತರದ ಬೂದು ಪೊದೆಗಳು, ಆಗಾಗ ರಸ್ತೆಯಂಚಿನಲ್ಲಿ ಸತ್ತು ಬಿದ್ದ ಕಾಂಗರೂ, ಅದರ ಮೇಲೆ ಹದ್ದುಗಳು. ಪಿಂಬಾ ದಾಟಿದ ಮೇಲೆ ಸಿಗುವ ಹಾರ್ಟ್ ಸರೋವರದಲ್ಲಿ ನಾವು ಹೋದಾಗ ಹನಿ ನೀರಿರಲಿಲ್ಲ. ಕಣ್ಣು ಕೋರೈಸುವ ಬಿಳಿ ಉಪ್ಪು, ಅಷ್ಟೇ. ಗ್ಲೆಂಡಾಂಬೋದಲ್ಲಿ ಪೆಟ್ರೋಲ್ ತುಂಬಿಸಿಕೊಂಡರೆ ಮುಂದಿನ ಬಂಕ್ ಇರುವುದು ಸುಮಾರು 250 ಕಿಲೋಮೀಟರ್ ಆಚೆ, ಕೂಬರ್ ಪೀಡಿಯಲ್ಲೇ.

ಊರು ಕಾಣುವ ಮೊದಲೇ ಗುಡ್ಡೆಗಳು ಕಾಣುತ್ತವೆ. ಬಿಳಿ, ನಸುಗೆಂಪು, ತಿಳಿಹಳದಿ ಮಣ್ಣಿನ ಶಂಕುವಿನಾಕಾರದ ರಾಶಿಗಳು ಹೆದ್ದಾರಿಯ ಎರಡೂ ಬದಿಗೆ ದಿಗಂತದವರೆಗೆ ಹರಡಿಕೊಂಡಿವೆ. ಒಂದೊಂದು ರಾಶಿಯ ಪಕ್ಕದಲ್ಲೂ ಓಪಲ್ ಎಂಬ ರತ್ನಕ್ಕಾಗಿ ಅಗೆದ ಒಂದೊಂದು ಕುಳಿ. ನೆಟ್ಟಗೆ ಕೆಳಗಿಳಿಯುವ, ತಡೆಗೋಡೆಯಿಲ್ಲದ, ಹತ್ತಿಪ್ಪತ್ತು ಮೀಟರ್ ಆಳದ ಕುಳಿಗಳು. ಇಂಥವು ಇಲ್ಲಿ ಎರಡೂವರೆ ಲಕ್ಷಕ್ಕೂ ಮೇಲಿವೆ ಎನ್ನುತ್ತಾರೆ. ಅಲ್ಲಿಯ ಎಚ್ಚರಿಕೆ ಫಲಕಗಳಲ್ಲಿ ಹಿಮ್ಮುಖವಾಗಿ ನಡೆಯುವವನೊಬ್ಬ ಕುಳಿಗೆ ಬೀಳುವ ಚಿತ್ರವಿದೆ. ಫೋಟೊ ತೆಗೆಯಲು ಹಿಂದೆ ಹಿಂದೆ ಸರಿಯುವ ಪ್ರವಾಸಿಗರಿಗೆಂದೇ ಅದನ್ನು ಹಾಕಿದ್ದಾರೆ. ಮಕ್ಕಳ ಜೊತೆ ಹೋಗುವವರು ಗುರುತು ಮಾಡಿದ ಜಾಗಗಳನ್ನು ಬಿಟ್ಟು ಕಾಲಿಡಲೇಬಾರದು.

ಈ ಊರು ಹುಟ್ಟಿದ್ದು ಬಾಯಾರಿಕೆಯಿಂದ. 1915ರಲ್ಲಿ ಜಿಮ್ ಹಚಿಸನ್ ಎಂಬಾತನ ತಂಡ ಒಂಟೆಗಳನ್ನು ಕಟ್ಟಿಕೊಂಡು ಈ ಬಯಲಿನಲ್ಲಿ ಚಿನ್ನ ಹುಡುಕುತ್ತ ಅಲೆಯುತ್ತಿತ್ತು. ಚಿನ್ನ ಸಿಗಲಿಲ್ಲ, ಕೊನೆಗೆ ಕುಡಿಯುವ ನೀರಿಗೂ ಪರದಾಟ. ಫೆಬ್ರವರಿ 1ರಂದು, ಉರಿಬೇಸಿಗೆಯಲ್ಲಿ, ನೀರು ಹುಡುಕುವ ಹೊತ್ತಿನಲ್ಲಿ ಜಿಮ್‌ನ ಮಗ ವಿಲ್ಲಿಗೆ ನೆಲದ ಮೇಲೆ ಓಪಲ್ ತುಂಡುಗಳು ಕಂಡವು. ಇನ್ನೂ ಹದಿಹರೆಯದ ಹುಡುಗ. ಮರುವರ್ಷದ ಹೊತ್ತಿಗೆ ಗಣಿಗಾರರು ಬರತೊಡಗಿದರು. 1917ರಲ್ಲಿ ಖಂಡದ ಪೂರ್ವ ಪಶ್ಚಿಮಗಳನ್ನು ಬೆಸೆಯುವ ರೈಲುಹಳಿಯ ಕೆಲಸ ಮುಗಿದಾಗ ಅಲ್ಲಿಯ ಕೂಲಿಗಳು ಬಂದರು. ಅವರ ಹಿಂದೆಯೇ ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು. ಕಂದಕಗಳಲ್ಲಿ ಬದುಕಿ ಬಂದಿದ್ದ ಆ ಸೈನಿಕರೇ ಗುಡ್ಡದ ಮಗ್ಗುಲನ್ನು ಕೊರೆದು ಒಳಗೆ ವಾಸಿಸುವ ರೂಢಿ ಹಾಕಿದರು. ಅಂಥ ಮನೆಗಳಿಗೆ ಇಂದಿಗೂ ಡಗ್‌ಔಟ್ ಎಂದೇ ಹೆಸರು.

ನಾವು ಉಳಿದುಕೊಂಡದ್ದೂ ಒಂದು ಡಗ್‌ಔಟಿನಲ್ಲೇ. ಹೊರಗಿನಿಂದ ನೋಡಿದರೆ ಗುಡ್ಡಕ್ಕೊಂದು ಬಾಗಿಲು, ಮೇಲೆ ನೆಲದಿಂದ ಎದ್ದ ಒಂದೆರಡು ಗಾಳಿಕೊಳವೆ. ಬಾಗಿಲು ದಾಟಿದ ಕೂಡಲೇ ಹೊರಗಿನ ಬಿಸಿಲು, ನೊಣ, ಗಾಳಿಯ ಸದ್ದು ಮೂರೂ ಒಟ್ಟಿಗೆ ನಿಂತುಹೋದವು. ಗೋಡೆ, ಚಾವಣಿ ಎಲ್ಲ ಒಂದೇ ಕಲ್ಲು; ಕೆಂಪು, ಕೆನೆಬಣ್ಣದ ಪಟ್ಟೆಗಳು ಗೋಡೆಯಿಂದ ಚಾವಣಿಗೆ ತಡೆಯಿಲ್ಲದೆ ಹರಿಯುತ್ತವೆ. ಸುರಂಗ ಕೊರೆಯುವ ಯಂತ್ರದ ಹಲ್ಲುಗಳು ಎಳೆದ ಅರ್ಧಚಂದ್ರಾಕಾರದ ಗೀರುಗಳು ಒಂದರ ಪಕ್ಕ ಒಂದು ಸಾಲಾಗಿವೆ. ಧೂಳು ಉದುರದಂತೆ ಅವುಗಳ ಮೇಲೆ ಬಣ್ಣವಿಲ್ಲದ ಮೆರುಗು ಬಳಿದಿದ್ದಾರೆ. ಕೈಯಾಡಿಸಿದರೆ ಗೀರಿನ ಏರಿಳಿತ ಬೆರಳಿಗೆ ಸಿಗುತ್ತದೆ. ಪುಸ್ತಕದ ಕಪಾಟು ಬೇಕೆನಿಸಿದರೆ ಇಲ್ಲಿ ಬಡಗಿಯನ್ನು ಕರೆಯುವುದಿಲ್ಲ, ಗೋಡೆಯನ್ನೇ ಕೊರೆದುಕೊಳ್ಳುತ್ತಾರೆ. ದೀಪ ಆರಿಸಿದ ಮೇಲಿನ ಕತ್ತಲೆ ಎಷ್ಟು ದಟ್ಟವೆಂದರೆ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ತಿಳಿಯುವುದಿಲ್ಲ.

ಇದನ್ನು ವಿಚಿತ್ರ ಜನರ ವಿಚಿತ್ರ ಮನೆ ಎಂದು ತೋರಿಸುವ ಪ್ರವಾಸಿ ಜಾಹೀರಾತುಗಳು ನನಗೆ ಹಿಡಿಸುವುದಿಲ್ಲ. ಇಷ್ಟು ವಿವೇಕದ ಮನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಇಲ್ಲಿ ಜನವರಿಯ ಸರಾಸರಿ ಗರಿಷ್ಠ ಉಷ್ಣಾಂಶ 36 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ, 40 ದಾಟಿದ ದಿನಗಳು ಒಂದರ ಹಿಂದೊಂದು ಬರುತ್ತವೆ, ಮರದ ನೆರಳಿಲ್ಲ. ಚಳಿಗಾಲದ ಜುಲೈಯಲ್ಲಿ ಹಗಲು ಹಿತವಾಗಿದ್ದರೂ ರಾತ್ರಿ ಮೈ ಕೊರೆಯುತ್ತದೆ. ವರ್ಷಕ್ಕೆ ಬೀಳುವ ಮಳೆ 150 ಮಿಲಿಮೀಟರ್ ಆಸುಪಾಸು. ಇಂಥ ಕಡೆ ನೆಲದಡಿಯ ಕೋಣೆ ವರ್ಷವಿಡೀ 23ರಿಂದ 25 ಡಿಗ್ರಿಯಲ್ಲೇ ಇರುತ್ತದೆ. ಮನೆಯೊಡೆಯನನ್ನು ವಿದ್ಯುತ್ ಖರ್ಚಿನ ಬಗ್ಗೆ ಕೇಳಿದೆ. “ಏಸಿ, ಹೀಟರ್ ಎರಡೂ ಇಲ್ಲವಲ್ಲ, ದೀಪಕ್ಕೂ ಫ್ರಿಜ್ಜಿಗೂ ಎಷ್ಟಾದೀತು?” ಎಂದರು ಆ ಹಿರಿಯರು. ಊರಿನ ಜನಸಂಖ್ಯೆ ಎರಡು ಸಾವಿರದೊಳಗೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಹೀಗೆ ನೆಲದೊಳಗೆ ಬದುಕುತ್ತಿದ್ದಾರೆ. ಊರಿಗೆ ವಿದ್ಯುತ್ ಬರುವುದೂ 2017ರಿಂದ ಬಹುಪಾಲು ಗಾಳಿ ಮತ್ತು ಬಿಸಿಲಿನಿಂದ. ಅದಕ್ಕೂ ಮೊದಲು ಪೂರ್ತಿ ಡೀಸೆಲ್ ನಂಬಿಕೊಂಡಿದ್ದ ಊರಿದು.

ನೀರಿನ ಕಥೆ ಇಷ್ಟು ಸುಲಭದ್ದಲ್ಲ. ಆರಂಭದ ವರ್ಷಗಳಲ್ಲಿ ದೂರದಿಂದ ಹೊತ್ತು ತರಬೇಕಿತ್ತು. 1920ರ ದಶಕದಲ್ಲಿ ಸರ್ಕಾರ ಮಳೆನೀರು ಹಿಡಿಯುವ ದೊಡ್ಡ ನೆಲತೊಟ್ಟಿ ಕಟ್ಟಿಸಿದ ಮೇಲೂ ತಲೆಗಿಷ್ಟೆಂದು ಅಳತೆಯ ಪಡಿತರವೇ. ಈಗ ಊರಿನಿಂದ 24 ಕಿಲೋಮೀಟರ್ ಉತ್ತರದ ಕೊಳವೆಬಾವಿಯಿಂದ ಉಪ್ಪುನೀರು ಎತ್ತಿ, ಉಪ್ಪು ತೆಗೆದು ಮನೆಗಳಿಗೆ ಹರಿಸುತ್ತಾರೆ. ಪ್ರವಾಸಿಗರು ಕ್ಯಾನು ತುಂಬಿಸಿಕೊಳ್ಳಲು ನಾಣ್ಯ ಹಾಕುವ ಯಂತ್ರವೊಂದಿದೆ. ಅಲ್ಲಿ ಸರದಿಯಲ್ಲಿ ನಿಂತಾಗ ಮುಂದಿದ್ದ ಮುದುಕಿಯೊಬ್ಬರು ಕ್ಯಾನಿನಿಂದ ತುಳುಕಿದ ನೀರು ನೆಲಕ್ಕೆ ಹೋಗದಂತೆ ಕೆಳಗೊಂದು ಬೋಗುಣಿ ಇಟ್ಟುಕೊಂಡಿದ್ದರು. ಇಲ್ಲಿಯ ಗಾಲ್ಫ್ ಮೈದಾನದಲ್ಲೂ ಹುಲ್ಲಿಲ್ಲ. ಆಡುವವರು ಅಂಗೈಯಗಲದ ಹುಲ್ಲುಹಾಸಿನ ತುಂಡನ್ನು ಜೊತೆಗೆ ಒಯ್ದು, ಅದರ ಮೇಲೆ ಚೆಂಡಿಟ್ಟು ಹೊಡೆಯುತ್ತಾರೆ.

ಇಷ್ಟು ಒಣಗಿದ ನೆಲದಲ್ಲಿ ಸಿಗುವ ರತ್ನ ನೀರಿನಿಂದಲೇ ಆದದ್ದು. ಹತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಕಡಲಿತ್ತು. ಅದರ ತಳದ ಕೆಸರು ಕಲ್ಲಾಯಿತು. ಕಡಲು ಹಿಮ್ಮೆಟ್ಟಿದ ಮೇಲೆ ಕಲ್ಲು ಶಿಥಿಲಗೊಂಡು ಬಿಡುಗಡೆಯಾದ ಸಿಲಿಕಾ ನೀರಿನಲ್ಲಿ ಕರಗಿ, ಬಿರುಕುಗಳಿಗೆ ಇಳಿದು, ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡುಗಳಾಗಿ ನಿಧಾನವಾಗಿ ತಳವೂರಿತು. ಗುಂಡುಗಳೆಲ್ಲ ಒಂದೇ ಗಾತ್ರದವಾಗಿ ಒಪ್ಪವಾಗಿ ಜೋಡಿಸಿಕೊಂಡಿದ್ದರೆ ಅವುಗಳ ನಡುವೆ ಹಾಯುವ ಬೆಳಕು ಬಣ್ಣಬಣ್ಣವಾಗಿ ಒಡೆಯುತ್ತದೆ. ದೊಡ್ಡ ಗುಂಡುಗಳಿದ್ದಲ್ಲಿ ಕೆಂಪೂ ಮೂಡುತ್ತದೆ; ಸಣ್ಣವಾದರೆ ನೀಲಿಯಷ್ಟೇ. ಜೋಡಣೆ ಅಸ್ತವ್ಯಸ್ತವಾದರೆ ಬಣ್ಣವಿಲ್ಲದ ‘ಪಾಚ್’ ಆಗುತ್ತದೆ, ಅದಕ್ಕೆ ಬೆಲೆಯಿಲ್ಲ. ಕಲ್ಲಾದ ಮೇಲೂ ಓಪಲ್ ತನ್ನೊಳಗೆ ಒಂದಷ್ಟು ನೀರನ್ನು ಉಳಿಸಿಕೊಂಡಿರುತ್ತದೆ. ಅದು ಬೇಗ ಆರಿಹೋದರೆ ಕಲ್ಲಿನಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಆ ಕಡಲಿನ ಚಿಪ್ಪುಗಳು, ಎಲುಬುಗಳೂ ಓಪಲ್ ಆಗಿವೆ. 1987ರಲ್ಲಿ ಇಲ್ಲಿಯ ಗಣಿಯಲ್ಲಿ ಸಿಕ್ಕ, ‘ಎರಿಕ್’ ಎಂದು ಹೆಸರಾದ ಕಡಲ ಸರೀಸೃಪದ ಓಪಲ್ ಅಸ್ಥಿಪಂಜರ ಈಗ ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂನಲ್ಲಿದೆ. ಊರಿನ ಉಮೂನಾ ಗಣಿ ಸಂಗ್ರಹಾಲಯದಲ್ಲಿ ಈ ಕಡಲಿನ ಕಥೆಯನ್ನು ಚೆನ್ನಾಗಿ ಹೇಳಿದ್ದಾರೆ. ಒಂದೇ ಕಡೆ ಹೋಗಲು ಸಮಯವಿದ್ದರೆ ಅಲ್ಲಿಗೆ ಹೋಗಿ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಊರು ಬಹುತೇಕ ಖಾಲಿಯಾಗಿತ್ತು. 1946ರಲ್ಲಿ ಟಾಟಿ ಬ್ರಯಂಟ್ ಎಂಬ ಮೂಲನಿವಾಸಿ ಮಹಿಳೆ ಎಯ್ಟ್ ಮೈಲ್ ಎಂಬಲ್ಲಿ ಬೆಲೆಬಾಳುವ ಓಪಲ್ ಅಗೆದು ತೆಗೆದ ಮೇಲೆ ಮತ್ತೆ ಜನ ಮುಗಿಬಿದ್ದರು. ಅದೇ ಎಯ್ಟ್ ಮೈಲ್‌ನಲ್ಲಿ 1956ರಲ್ಲಿ 17,000 ಕ್ಯಾರೆಟ್‌ನ ಕಲ್ಲು ಸಿಕ್ಕಿತು. ಮೆಲ್ಬರ್ನ್ ಒಲಿಂಪಿಕ್ಸ್ ನಡೆದ ವರ್ಷವಾದ್ದರಿಂದ ಅದಕ್ಕೆ ‘ಒಲಿಂಪಿಕ್ ಆಸ್ಟ್ರೇಲಿಸ್’ ಎಂದು ಹೆಸರಿಟ್ಟರು. ಯುದ್ಧದಲ್ಲಿ ಎಲ್ಲವನ್ನೂ ಕಳೆದುಕೊಂಡ ಗ್ರೀಕರು, ಸರ್ಬರು, ಕ್ರೊಯೇಷಿಯನ್ನರು, ಇಟಲಿಯವರು ಹಡಗು ಹತ್ತಿ ಬಂದು ಇಲ್ಲಿ ಕುಳಿ ತೋಡಿದರು. ಸರ್ಬರು 1993ರಲ್ಲಿ ಕಟ್ಟಿದ, ಅಲ್ಲ, ಕೊರೆದ ಸಂತ ಇಲಾಯಿಜಾ ಚರ್ಚಿನಲ್ಲಿ ಕಮಾನಿನ ಚಾವಣಿಯಿಂದ ಸಂತರ ಮೂರ್ತಿಗಳವರೆಗೆ ಎಲ್ಲವೂ ಅದೇ ಮರಳುಗಲ್ಲು. ಬಾದಾಮಿಯ ಗುಹೆಗಳನ್ನು ಕಂಡವರಿಗೆ ಇಲ್ಲಿ ಕೈ ತಾನೇ ಜೋಡಿಸಿಕೊಳ್ಳುತ್ತದೆ.

ಗಣಿ ಕೆಲಸ ಇಂದಿಗೂ ದೊಡ್ಡ ಕಂಪನಿಗಳ ಕೈಗೆ ಹೋಗಿಲ್ಲ. ಒಬ್ಬೊಬ್ಬರು, ಇಲ್ಲವೇ ಇಬ್ಬರು ಮೂವರು ಪಾಲುದಾರರು ಪರವಾನಗಿ ಪಡೆದು, ನಾಲ್ಕು ಮೂಲೆಗೆ ಗೂಟ ಹೊಡೆದು ತಮ್ಮ ತುಂಡು ನೆಲವನ್ನು ಅಗೆಯುತ್ತಾರೆ. ಪುಡಿಯಾದ ಕಲ್ಲನ್ನು ‘ಬ್ಲೋಯರ್’ ಎಂಬ ಲಾರಿ ದಪ್ಪ ಕೊಳವೆಯಿಂದ ಹೀರಿ ಮೇಲೆ ರಾಶಿ ಹಾಕುತ್ತದೆ. ಆ ರಾಶಿಗಳಲ್ಲಿ ಕಣ್ತಪ್ಪಿದ ಓಪಲ್ ಹುಡುಕುವುದಕ್ಕೆ ‘ನೂಡ್ಲಿಂಗ್’ ಎನ್ನುತ್ತಾರೆ. ಸಾರ್ವಜನಿಕರಿಗೆ ಬಿಟ್ಟಿರುವ ಜಾಗದಲ್ಲಿ ನಾವೂ ಕೂತೆವು. ಬೆಳ್ಳನೆಯ ಧೂಳು ರೆಪ್ಪೆಗೂ ಅಂಟುತ್ತದೆ. ಪಕ್ಕದಲ್ಲಿ ಕೂತಿದ್ದ ಸ್ಥಳೀಯರೊಬ್ಬರು ಚೂರನ್ನು ನಾಲಿಗೆಗೆ ತಾಗಿಸಿ ಬಿಸಿಲಿಗೆ ಹಿಡಿದು ನೋಡುವುದನ್ನು ಕಲಿಸಿದರು. ಒದ್ದೆಯಾದರೆ ಧೂಳು ಹೋಗಿ ಬಣ್ಣ ಎದ್ದು ಕಾಣುತ್ತದೆ. ಸಿಕ್ಕಿದ್ದರಲ್ಲಿ ಹೆಚ್ಚಿನದು ಪಾಚ್. ಒಂದು ಚೂರಿನ ಅಂಚಿನಲ್ಲಿ ಮಾತ್ರ ಹಸಿರಿನ ಗೆರೆಯೊಂದು ಮಿಂಚಿ, ಓರೆಯಾಗಿಸಿದರೆ ನೀಲಿಗೆ ತಿರುಗಿತು. ಅದನ್ನು ಕಂಡಾಗಿನ ನನ್ನ ಹೆಂಡತಿಯ ಮುಖ ಇನ್ನೂ ಕಣ್ಣ ಮುಂದಿದೆ.

ಊರಿನ ಉತ್ತರಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ಕನ್ಕು ಬ್ರೇಕವೇಸ್. ಬಿಳಿ, ಕಾವಿ, ಕಂದು ಬಣ್ಣದ ಚಪ್ಪಟೆನೆತ್ತಿಯ ಗುಡ್ಡಗಳು ಬಯಲಿನಿಂದ ಒಡೆದುಕೊಂಡು ನಿಂತಿವೆ. ಸಂಜೆ ಬಿಸಿಲು ಓರೆಯಾದಾಗ ಹೋಗಬೇಕು. ಹತ್ತಿರದಲ್ಲೇ ಡಿಂಗೋ ನಾಯಿಗಳಿಂದ ಕುರಿಗಳನ್ನು ಕಾಯಲು ಹಾಕಿದ ಬೇಲಿ ಹಾದುಹೋಗುತ್ತದೆ. ಒಟ್ಟು ಉದ್ದ 5,000 ಕಿಲೋಮೀಟರ್‌ಗೂ ಹೆಚ್ಚು. ಇದು ಅಂತಕಿರಿಂಜಾ ಮಟು-ಯಂಕುನಿಟ್ಜಟ್ಜರ ಜನರ ನೆಲ. 2011ರಲ್ಲಿ ನ್ಯಾಯಾಲಯ ಅವರ ಮೂಲ ಹಕ್ಕನ್ನು ಮನ್ನಿಸಿತು.

ಇಲ್ಲಿಗೆ ಬಂದವರು ಕೂಬರ್ ಪೀಡಿಯ ಹಿರಿಯ ಮೂಲನಿವಾಸಿ ಹೆಂಗಸರ ಹೋರಾಟವನ್ನೂ ತಿಳಿದುಕೊಳ್ಳಬೇಕು. 1953ರಲ್ಲಿ ಬ್ರಿಟಿಷರು ಪಶ್ಚಿಮದ ಎಮು ಫೀಲ್ಡ್‌ನಲ್ಲಿ ಅಣುಬಾಂಬ್ ಸಿಡಿಸಿದಾಗ ಮೂಲನಿವಾಸಿಗಳ ಬೀಡುಗಳ ಮೇಲೆ ಕಪ್ಪು ಮಂಜು ಕವಿದಿತ್ತು. 1990ರ ದಶಕದ ಕೊನೆಗೆ ಕೇಂದ್ರ ಸರ್ಕಾರ ಇದೇ ಮರುಭೂಮಿಯಲ್ಲಿ ಅಣುತ್ಯಾಜ್ಯ ಹೂಳಲು ಹೊರಟಾಗ, ಆ ಮಂಜಿನ ನೋವನ್ನು ಬಲ್ಲ ಅಜ್ಜಿಯರು ‘ಕುಪಾ ಪಿಟಿ ಕುಂಗ್ಕ ಟ್ಜುಟ’ ಎಂಬ ಬಳಗವಾಗಿ ಊರೂರು ತಿರುಗಿ ಮಾತಾಡಿದರು. ವಿಷ ನೆಲದಡಿಯ ನೀರಿಗೆ ಇಳಿದೀತು ಎಂಬ ಆತಂಕ ಅವರದು. ಅವರಲ್ಲಿ ಐಲೀನ್ ಕಂಪಕುಟ ಬ್ರೌನ್ ಮತ್ತು ಐಲೀನ್ ವಾನಿ ವಿಂಗ್‌ಫೀಲ್ಡ್ ಅವರಿಗೆ 2003ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು. 2004ರಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಓಪಲ್ ಅಂಗಡಿಗಳ ಸಾಲಿನಲ್ಲಿ ಅಡ್ಡಾಡುವಾಗ ನನ್ನ ಮನಸ್ಸಿನಲ್ಲಿದ್ದದ್ದು ಈ ಅಜ್ಜಿಯರೇ.

ಹೋಗುವವರು ಮೇಯಿಂದ ಆಗಸ್ಟ್‌ವರೆಗಿನ ತಿಂಗಳುಗಳನ್ನು ಆರಿಸಿಕೊಳ್ಳಿ, ಸ್ವೆಟರ್ ಮರೆಯಬೇಡಿ. ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಕಾರು ಓಡಿಸಬೇಡಿ, ಕಾಂಗರೂ ಅಡ್ಡ ಬರುತ್ತವೆ. ಓಪಲ್ ಕೊಳ್ಳುವುದಾದರೆ ಇಡೀ ಕಲ್ಲೋ, ತೆಳು ಪದರವನ್ನು ಕಪ್ಪು ತಳಕ್ಕೆ ಅಂಟಿಸಿದ ಡಬ್ಲೆಟ್ಟೋ, ಅದರ ಮೇಲೆ ಪಾರದರ್ಶಕ ಹೊದಿಕೆಯಿರುವ ಟ್ರಿಪ್ಲೆಟ್ಟೋ ಎಂದು ಕೇಳಿ ರಸೀದಿಯಲ್ಲಿ ಬರೆಸಿಕೊಳ್ಳಿ. ಅಂಟಿಸಿದ ಕಲ್ಲಿನ ಉಂಗುರವನ್ನು ಪಾತ್ರೆ ತೊಳೆಯುವಾಗ ತೆಗೆದಿಡಬೇಕು. ನೀರು ಪದರಗಳ ನಡುವೆ ಹೊಕ್ಕರೆ ಕಲ್ಲು ಮಂಕಾಗುತ್ತದೆ.